ಕಾವಿಯೊಳಗಿನ ಗಾಂಡೀವಿ: ಒಂದು ವೇಷದ ಚರಿತ್ರೆ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ, ದೌಂಡ್ ಜಂಕ್ಷನ್ನಿಗೆ ತೆಂಕಲಾಗಿ ನಮ್ಮ ಕುರಕುಂಭವಿದೆ. ಹೊರಗಿನವರಿಗೆ ಇದು ರಾಸಾಯನಿಕ ಕಾರ್ಖಾನೆಗಳ ಊರು. ಸುತ್ತಲಿನ ಹಳ್ಳಿಗಳವರಿಗೆ ಫಿರಂಗಾಯಿ ದೇವಿಯ ಊರು. ನಮ್ಮಂತಹ ಕೆಲವು ಕನ್ನಡದ ಮನೆಗಳಿಗೆ ಇದು ನೌಕರಿಯ ಊರು. ಹೊತ್ತು ಹೊತ್ತಿಗೆ ಪಾಳಿ ಬದಲಾಗುತ್ತದೆ, ಹಬ್ಬಗಳು ಯಾರಿಗೆ ಯಾವಾಗ ರಜೆಯೋ ಆಗ ನಡೆಯುತ್ತವೆ. ಕಳೆದ ಮಳೆಗಾಲದ ಒಂದು ಭಾನುವಾರ ನಾಲ್ಕಾರು ಮನೆಯವರು ಕೂಡಿ, ದೊಡ್ಡ ಪರದೆಯ ಮೇಲೆ 'ಸುಭದ್ರಾ ಕಲ್ಯಾಣ' ಯಕ್ಷಗಾನದ ಮುದ್ರಿಕೆಯನ್ನು ಹಾಕಿಕೊಂಡು ನೋಡಿದೆವು. ನೆರೆಮನೆಯ ಮರಾಠಿ ಅಜ್ಜಿಯೊಬ್ಬರೂ ಬಂದಿದ್ದರು. ಭಾಷೆ ತಿಳಿಯದಿದ್ದರೂ ಕಾವಿಯುಟ್ಟ ಅರ್ಜುನ ರಂಗಕ್ಕೆ ಬಂದೊಡನೆ ಅವರ ಮುಖ ಅರಳಿತು. "ಇದು ನಮ್ಮ ಸೌಭದ್ರ!" ಎಂದರು. "ಇದು ನಮ್ಮ ಸುಭದ್ರಾ ಕಲ್ಯಾಣ" ಎಂದು ನಮ್ಮವರೊಬ್ಬರು ನಗುತ್ತಲೇ ತಿದ್ದಿದರು.

ಅಷ್ಟರಲ್ಲಿ ಆರನೆಯ ತರಗತಿಯಲ್ಲಿ ಓದುವ ನನ್ನ ಮಗಳು ಬೇರೆಯೇ ಒಂದು ಪ್ರಶ್ನೆ ಹಾಕಿದಳು: "ಅಪ್ಪಾ, ಆ ಸನ್ಯಾಸಿ ಅರ್ಜುನನೇ ಅಂತ ಆಕೀಗೆ ಗೊತ್ತಿತ್ತೇನು?" ಎಲ್ಲರೂ ನಕ್ಕರು. ಬಲರಾಮನಿಗೆ ಗೊತ್ತಿರಲಿಲ್ಲ, ಕೃಷ್ಣನಿಗೆ ಗೊತ್ತಿತ್ತು ಎಂದು ನಾನು ಹೇಳಿದೆ. "ಅವರದಲ್ಲ, ಆಕೀದು ಹೇಳು" ಎಂದಳು. ಆಗ ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹ ಆ ಎರಡು ಮಾತುಗಳ ಬೆನ್ನು ಹತ್ತಿ ಹೊರಟದ್ದು. ಈ ಕಥೆ ಯಾರದು ಎಂಬುದು ಒಂದು. ಆಕೆಗೆ ಗೊತ್ತಿತ್ತೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಹುಡುಕಲು ಹೊರಟವನು ಪುಣೆಗೇ ಬರಬೇಕಾಗುತ್ತದೆ ಎಂಬುದು ನನಗೆ ಮೊದಲು ತಿಳಿದಿರಲಿಲ್ಲ.

ಮೊದಲು ಕಥೆಯ ಹಳೆಯ ರೂಪವನ್ನು ನೋಡೋಣ. ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1917ರಲ್ಲಿ ಸ್ಥಾಪನೆಯಾಯಿತು. ದೇಶದ ನಾನಾ ಕಡೆಯ ಹಸ್ತಪ್ರತಿಗಳನ್ನು ಕೂಡಿಸಿ, ಹೋಲಿಸಿ, ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸುವ ಕೆಲಸ ಅಲ್ಲಿ 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿಯಿತು. ವಿ. ಎಸ್. ಸುಖಠಣಕರ್ ಅವರ ಸಂಪಾದಕತ್ವದಲ್ಲಿ ಆದಿಪರ್ವವು 1933ರಲ್ಲಿ ಪೂರ್ಣಗೊಂಡಿತು. ಆ ಪಾಠದಲ್ಲಿ ಸುಭದ್ರೆಯ ಪ್ರಸಂಗವನ್ನು ತೆರೆದು ನೋಡುವ ಕನ್ನಡ ಓದುಗನಿಗೆ ಒಂದು ಆಶ್ಚರ್ಯ ಕಾದಿದೆ. ಅಲ್ಲಿ ಸನ್ಯಾಸಿಯೇ ಇಲ್ಲ! ರೈವತಕ ಬೆಟ್ಟದ ಉತ್ಸವದಲ್ಲಿ ಅರ್ಜುನನು ಸುಭದ್ರೆಯನ್ನು ನೋಡಿ ಮನಸೋಲುತ್ತಾನೆ. ವನಗಳಲ್ಲಿ ಅಲೆಯುವವನ ಮನಸ್ಸನ್ನೂ ಕಾಮ ಕಲಕಿತೇ ಎಂದು ಕೃಷ್ಣ ನಗೆಯಾಡುತ್ತಾನೆ. ಸ್ವಯಂವರದಲ್ಲಿ ಹೆಣ್ಣಿನ ಮನಸ್ಸು ಯಾರ ಕಡೆ ವಾಲುವುದೋ ಹೇಳಲಾಗದು. ಕ್ಷತ್ರಿಯರಿಗೆ ಹರಣವೂ ಒಪ್ಪಿತವಾದ ದಾರಿ ಎಂದು ಸಲಹೆ ಕೊಡುತ್ತಾನೆ. ಪೂಜೆ ಮುಗಿಸಿ ಹಿಂತಿರುಗುತ್ತಿದ್ದ ಸುಭದ್ರೆಯನ್ನು ಅರ್ಜುನ ರಥಕ್ಕೇರಿಸಿಕೊಂಡು ಹೋಗುತ್ತಾನೆ. ಯಾದವರು ಕೆರಳುತ್ತಾರೆ, ಬಲರಾಮ ಸಿಟ್ಟಾಗುತ್ತಾನೆ, ಕೃಷ್ಣ ಸಮಾಧಾನ ಮಾಡುತ್ತಾನೆ.

ಈ ಇಡೀ ಹರಣದ ಕಥೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ಸುಭದ್ರೆಯೊಬ್ಬಳನ್ನು ಬಿಟ್ಟು. ಹೆಣ್ಣಿನ ಮನಸ್ಸು ಹೇಳಲಾಗದು ಎಂಬುದೇ ಹರಣಕ್ಕೆ ಕೊಟ್ಟ ಕಾರಣ. ಎಂದರೆ, ಆಕೆಯನ್ನು ಕೇಳಿದರೆ ಬೇರೆ ಉತ್ತರ ಬಂದೀತು ಎಂಬ ಅಂಜಿಕೆಯಿಂದಲೇ ಕೇಳದೆ ಬಿಟ್ಟದ್ದು.

ಹಾಗಾದರೆ ನಮಗೆ ಪರಿಚಿತನಾದ ಕಪಟ ಸನ್ಯಾಸಿ ಎಲ್ಲಿಂದ ಬಂದ? ಮಹಾಭಾರತದ ದಾಕ್ಷಿಣಾತ್ಯ ಹಸ್ತಪ್ರತಿಗಳಲ್ಲಿ ಆತ ಇದ್ದಾನೆ. ಪುಣೆಯ ವಿದ್ವಾಂಸರು ಆ ಭಾಗವನ್ನು ಎಸೆಯಲಿಲ್ಲ. ಮೂಲ ಪಾಠದಿಂದ ಬೇರ್ಪಡಿಸಿ ಅನುಬಂಧದಲ್ಲಿ ಕಾಪಾಡಿ ಇಟ್ಟರು. ಭಾಗವತ ಪುರಾಣದ ದಶಮ ಸ್ಕಂಧದ 86ನೆಯ ಅಧ್ಯಾಯದಲ್ಲಿಯೂ ಆತ ಇದ್ದಾನೆ. ಅಲ್ಲಿ ಕಥೆ ಅಚ್ಚುಕಟ್ಟಾಗಿದೆ: ತಂಗಿಯನ್ನು ದುರ್ಯೋಧನನಿಗೆ ಕೊಡಬೇಕೆಂದು ಬಲರಾಮನ ಬಯಕೆ, ಉಳಿದವರಿಗೆ ಅದು ಸಮ್ಮತವಲ್ಲ. ತೀರ್ಥಯಾತ್ರೆಯಲ್ಲಿದ್ದ ಅರ್ಜುನ ಇದನ್ನು ಕೇಳಿ, ತ್ರಿದಂಡಿ ಯತಿಯಾಗಿ ದ್ವಾರಕೆಗೆ ಬರುತ್ತಾನೆ. ಮಳೆಗಾಲದ ತಿಂಗಳುಗಳನ್ನು ಅಲ್ಲಿಯೇ ಕಳೆಯುತ್ತಾನೆ. ಪುರಜನರೂ ಬಲರಾಮನೂ ಗುರುತು ಹಿಡಿಯದೆ ಆತನನ್ನು ಸತ್ಕರಿಸುತ್ತಾರೆ. ಬಲರಾಮನೇ ಆತನನ್ನು ಭಿಕ್ಷೆಗೆ ಮನೆಗೆ ಕರೆಯುತ್ತಾನೆ. ಅಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಆಕೆಯೂ ಆತನನ್ನು ಬಯಸುತ್ತಾಳೆ. ಮುಂದೆ ದೇವತಾಯಾತ್ರೆಯ ದಿನ ಆಕೆ ಕೋಟೆಯ ಹೊರಗೆ ಬಂದಾಗ, ತಂದೆತಾಯಿಯರ ಮತ್ತು ಕೃಷ್ಣನ ಒಪ್ಪಿಗೆಯಿಂದ, ಅರ್ಜುನ ಆಕೆಯನ್ನು ಕರೆದೊಯ್ಯುತ್ತಾನೆ.

ಕಥೆ ಕಟ್ಟಿದವರ ಜಾಣ್ಮೆ ಈ ವೇಷದ ಆಯ್ಕೆಯಲ್ಲಿದೆ. ವ್ಯಾಪಾರಿಯ ವೇಷ ಹಾಕಿದ್ದರೆ ಎಲ್ಲಿಯ ಸರಕು ಎಂದು ಕೇಳುತ್ತಿದ್ದರು. ಬ್ರಾಹ್ಮಣನ ವೇಷ ಹಾಕಿದ್ದರೆ ಯಾವ ಗೋತ್ರ, ಯಾವ ಶಾಖೆ ಎನ್ನುತ್ತಿದ್ದರು. ಸನ್ಯಾಸಿಗೆ ಪೂರ್ವಾಶ್ರಮವಿಲ್ಲ. ಆತನ ಊರು, ಕುಲ, ಹೆಸರು ಕೇಳುವುದೇ ಅನುಚಿತ. 'ನೀನು ಯಾರು' ಎಂಬ ಪ್ರಶ್ನೆಯನ್ನೇ ತಡೆಯುವ ಉಡುಪು ಲೋಕದಲ್ಲಿ ಇದೊಂದೇ. ಅದರ ಮೇಲೆ ಚಾತುರ್ಮಾಸ್ಯದ ನಿಯಮ: ಮಳೆಗಾಲದಲ್ಲಿ ಯತಿ ಸಂಚರಿಸಬಾರದು, ಒಂದೆಡೆ ನಿಲ್ಲಬೇಕು. ಬೇರೆ ಯಾವ ಅತಿಥಿಯೂ ತಿಂಗಳುಗಟ್ಟಲೆ ಉಳಿದರೆ ಮನೆಯವರಿಗೆ ಅನುಮಾನ ಬರುತ್ತದೆ. ಯತಿ ಹೊರಟುಹೋದರೆ ಅನುಮಾನ, ಉಳಿದರೆ ಪುಣ್ಯ.

ಇನ್ನೊಂದು ಸೂಕ್ಷ್ಮವೂ ಇದೆ. ಈ ವೇಷ ಪೂರ್ಣ ಸುಳ್ಳಲ್ಲ. ದ್ರೌಪದಿಯ ಅಂತಃಪುರದ ನಿಯಮವನ್ನು, ಬ್ರಾಹ್ಮಣನ ಗೋವುಗಳನ್ನು ಬಿಡಿಸುವುದಕ್ಕಾಗಿ, ಮುರಿದ ಅರ್ಜುನ ಬ್ರಹ್ಮಚರ್ಯದ ವ್ರತ ತೊಟ್ಟೇ ಯಾತ್ರೆಗೆ ಹೊರಟವನು. ದಾರಿಯಲ್ಲಿ ಉಲೂಪಿ, ಚಿತ್ರಾಂಗದೆಯರನ್ನು ವರಿಸಿ ಆ ವ್ರತದ ಗತಿ ಏನಾಯಿತೆಂಬುದು ಬೇರೆ ಮಾತು. ಅರ್ಧ ನಿಜವಾಗಿ ವಿರಕ್ತನಾಗಿರಬೇಕಾದವನು ಪೂರ್ತಿ ವಿರಕ್ತನ ವೇಷ ಹಾಕಿದ. ಪ್ರೇಕ್ಷಕರ ನಗೆಯ ಬೇರು ಇಲ್ಲಿದೆ.

ಕನ್ನಡಕ್ಕೆ ಈ ಯತಿ ಬಹು ಹಿಂದೆಯೇ ಬಂದ. ಗದುಗಿನ ಕುಮಾರವ್ಯಾಸನ ಭಾರತದ ಆದಿಪರ್ವದಲ್ಲಿ ಆತನಿದ್ದಾನೆ. ಯಕ್ಷಗಾನದ ರಂಗಸ್ಥಳದಲ್ಲಿ, ತಾಳಮದ್ದಳೆಯ ಕೂಟದಲ್ಲಿ ಆತನಿದ್ದಾನೆ. ಎಳೆವಯಸ್ಸಿನ ಸನ್ಯಾಸಿಯನ್ನು ಕನ್ಯಾಮಾಡದ ಬಳಿ ಇರಿಸುವುದು ಸರಿಯೇ ಎಂದು ಕೃಷ್ಣ ಬೇಕೆಂದೇ ಆಕ್ಷೇಪ ಎತ್ತುವುದು, ಅದರಿಂದ ಬಲರಾಮನ ಹಟ ಇನ್ನಷ್ಟು ಬಿಗಿಯಾಗುವುದು, ಈ ಸಂದರ್ಭವನ್ನು ಒಳ್ಳೆಯ ಅರ್ಥಧಾರಿಗಳು ಗಂಟೆಗಟ್ಟಲೆ ಬೆಳೆಸಬಲ್ಲರು. ಸುಭದ್ರೆಯ ಬಾಯಿಗೆ ಮಾತು ಬಂದದ್ದೂ ಈ ಪರಂಪರೆಯಲ್ಲಿಯೇ. ಸೇವೆಗೆಂದು ಬಂದವಳು ಯತಿಯನ್ನು ಪ್ರಶ್ನಿಸುತ್ತಾಳೆ: ದೇಶ ಸುತ್ತಿದವರು ನೀವು, ಇಂದ್ರಪ್ರಸ್ಥವನ್ನು ಕಂಡಿರಾ, ಪಾರ್ಥ ಎಲ್ಲಿದ್ದಾನೆ? ಕೊನೆಗೆ ಹೊರಡುವಾಗ ರಥದ ವಾಘೆಯನ್ನು ಹಿಡಿದವಳು ಸುಭದ್ರೆಯೇ ಎಂದು ಹೇಳುವ ಕಥನಗಳೂ ಉಂಟು. ಕುದುರೆಗಳನ್ನು ತಾನೇ ಓಡಿಸಿದವಳನ್ನು ಅಪಹೃತೆ ಎನ್ನುವುದು ಯಾರಿಗಾದರೂ ಕಷ್ಟ.

ಇಲ್ಲಿಗೆ ಈ ವೇಷದ ಚಾರಿತ್ರಿಕ ಕೆಲಸ ನನಗೆ ಸ್ಪಷ್ಟವಾಗತೊಡಗಿತು. ವೇಷವಿಲ್ಲದ ಕಥೆಯಲ್ಲಿ ಅರ್ಜುನ ಅರ್ಜುನನಾಗಿಯೇ ಬಂದ, ಸುಭದ್ರೆ ಮೂಕಳಾಗಿದ್ದಳು. ವೇಷದ ಕಥೆಯಲ್ಲಿ ಆತ ತನ್ನ ಬಿಲ್ಲನ್ನೂ ಬಿರುದನ್ನೂ ಹೊರಗಿಟ್ಟು ಬರಬೇಕಾಯಿತು. ಆಕೆಯ ಎದುರು ಭಿಕ್ಷುಕನಾಗಿ ಕೂರಬೇಕಾಯಿತು. ಆಕೆ ಕೇಳಿದ್ದಕ್ಕೆ ಉತ್ತರಿಸಬೇಕಾಯಿತು. ಕೇಳುವುದಕ್ಕೆ ಆಕೆಗೆ ಒಂದು ಮಳೆಗಾಲದಷ್ಟು ಅವಧಿ ಸಿಕ್ಕಿತು. ಹರಣದ ಕಥೆಯನ್ನು ಕಲ್ಯಾಣದ ಕಥೆಯಾಗಿಸಬೇಕೆಂದು ಕೇಳುಗರಿಗೆ ಅನ್ನಿಸಿದಾಗ ಪರಂಪರೆ ಕಂಡುಕೊಂಡ ಉಪಾಯ ಈ ಕಾವಿಬಟ್ಟೆ.

ಈ ಉಪಾಯದ ಅಪಾಯವನ್ನೂ ಪರಂಪರೆ ಮರೆತಿಲ್ಲ. ನಮ್ಮ ಪುರಾಣಗಳ ಇನ್ನೊಬ್ಬ ಕಪಟ ಸನ್ಯಾಸಿ ಪಂಚವಟಿಯ ಪರ್ಣಶಾಲೆಯ ಮುಂದೆ ಭಿಕ್ಷೆಗೆ ನಿಂತವನು. ಅದೇ ಕಾವಿ, ಅದೇ ದಂಡ, ಭಿಕ್ಷೆ ನೀಡಬಂದ ಅದೇ ಗೃಹಿಣೀಧರ್ಮ. ಒಂದು ಕಡೆ ಲಂಕೆ ಸುಟ್ಟಿತು, ಇನ್ನೊಂದು ಕಡೆ ಮದುವೆಯ ಓಲಗ ಊದಿತು. ಎರಡನ್ನೂ ಬೇರೆ ಮಾಡುವುದು ಉಡುಪಲ್ಲ, ಉಟ್ಟವನ ಕುಲವೂ ಅಲ್ಲ. ಎದುರಿಗಿದ್ದ ಹೆಣ್ಣಿನ ಮನಸ್ಸು. ಅದೊಂದನ್ನು ತೆಗೆದುಬಿಟ್ಟರೆ ಸುಭದ್ರೆಯ ಪ್ರಸಂಗ ಪ್ರಹಸನವಾಗಿ ಉಳಿಯುವುದಿಲ್ಲ. ಆದ್ದರಿಂದ ನನ್ನ ಮಗಳ ಪ್ರಶ್ನೆ ಮಕ್ಕಳಾಟದ್ದಲ್ಲ. ಈ ಕಥೆ ಹಾಸ್ಯವಾಗುವುದೂ ಘೋರವಾಗುವುದೂ ಆ ಉತ್ತರದ ಮೇಲೆ ನಿಂತಿದೆ.

ಈಗ ರಂಗಭೂಮಿಗೆ ಬರೋಣ. ವೇಷಾಂತರದ ವಿನೋದವು ಕನ್ನಡಕ್ಕೆ ಹೊಸದೇನಲ್ಲ. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ನಾಟಕ 'ಮಿತ್ರವಿಂದಾ ಗೋವಿಂದ'. ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು 1680ರ ಸುಮಾರಿನಲ್ಲಿ ಬರೆದದ್ದು. ಇದರ ಮೂಲ ಶ್ರೀಹರ್ಷನ 'ರತ್ನಾವಳಿ'. ಅಲ್ಲಿ ರಾಜಕುಮಾರಿಯೊಬ್ಬಳು ಸಾಗರಿಕೆ ಎಂಬ ಹೆಸರಿನಲ್ಲಿ ರಾಣಿಯ ಪರಿಚಾರಿಕೆಯಾಗಿರುತ್ತಾಳೆ. ರಾಜನನ್ನು ಕಾಣಲು ರಾಣಿಯ ವೇಷವನ್ನೇ ಹಾಕಿಕೊಂಡು ಬರುವ ಏರ್ಪಾಡಾಗುತ್ತದೆ. ಆದರೆ ಮೊದಲು ಬಂದವಳು ನಿಜವಾದ ರಾಣಿ! ಸಿಂಗರಾರ್ಯ ಆ ಕಥೆಯ ಉದಯನನನ್ನು ಕೃಷ್ಣನನ್ನಾಗಿಯೂ ವಾಸವದತ್ತೆಯನ್ನು ರುಕ್ಮಿಣಿಯನ್ನಾಗಿಯೂ ರತ್ನಾವಳಿಯನ್ನು ಮಿತ್ರವಿಂದೆಯನ್ನಾಗಿಯೂ ಮಾಡಿದ. ಸಂಸ್ಕೃತದ ಲೌಕಿಕ ನಾಟಿಕೆಯೊಂದು ವೈಷ್ಣವ ವೇಷ ತೊಟ್ಟು ಕನ್ನಡಕ್ಕೆ ಬಂತು. ಧಾರವಾಡದ ಚನ್ನಬಸಪ್ಪನವರು 1871ರಲ್ಲಿ 'ನಗದವರನ್ನು ನಗಿಸುವ ಕಥೆ' ಎಂಬ ಹೆಸರಿನಲ್ಲಿ ಷೇಕ್ಸ್‌ಪಿಯರನ 'ಕಾಮೆಡಿ ಆಫ್ ಎರರ್ಸ್' ಅನ್ನು ಕನ್ನಡಿಸಿದರು. ಆ ಅವಳಿಗಳ ಕಥೆಯಲ್ಲಿ ಯಾರೂ ಯಾರನ್ನೂ ವಂಚಿಸುವುದಿಲ್ಲ. ಹೋಲಿಕೆಯೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಸುಭದ್ರೆಯ ಕಥೆಯಲ್ಲಿ ವಂಚನೆ ಬುದ್ಧಿಪೂರ್ವಕ. ಅದಕ್ಕಾಗಿಯೇ ಅದಕ್ಕೆ ನ್ಯಾಯದ ಲೆಕ್ಕ ಕೊಡಬೇಕಾಗುತ್ತದೆ.

ಆ ಲೆಕ್ಕವನ್ನು ರಂಗದ ಮೇಲೆ ಅತ್ಯಂತ ಜನಪ್ರಿಯವಾಗಿ ಒಪ್ಪಿಸಿದವರು ನೆರೆಯ ಅಜ್ಜಿ ನೆನೆದ 'ಸಂಗೀತ ಸೌಭದ್ರ'ದ ಕರ್ತೃ ಅಣ್ಣಾಸಾಹೇಬ ಕಿರ್ಲೋಸ್ಕರ್. ಅವರ ಪೂರ್ಣ ಹೆಸರು ಬಳವಂತ ಪಾಂಡುರಂಗ ಕಿರ್ಲೋಸ್ಕರ್. ಕಿರ್ಲೋಸ್ಕರ್ ಎಂದೊಡನೆ ಕಾರ್ಖಾನೆಯಲ್ಲಿ ದುಡಿಯುವ ನಮಗೆ ಪಂಪು ನೆನಪಾಗುತ್ತದೆ. ಆ ಉದ್ಯಮದ ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಈ ನಾಟಕಕಾರರೂ ಹುಟ್ಟಿದ್ದು ಒಂದೇ ಊರಿನಲ್ಲಿ: ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಅಣ್ಣಾಸಾಹೇಬರು ಹುಟ್ಟಿದ್ದು 1843ರಲ್ಲಿ. ಅದೇ ವರ್ಷ ಸಾಂಗಲಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಕರ್ಕಿಯ ಕಡೆಯಿಂದ ಬಂದ ಭಾಗವತರ ಮೇಳದ ಆಟವನ್ನು ನೋಡಿದ ಸಾಂಗಲಿಯ ಅಧಿಪತಿ ಚಿಂತಾಮಣರಾವ್ ಪಟವರ್ಧನರು, ಅಂಥದ್ದೊಂದನ್ನು ಮರಾಠಿಯಲ್ಲಿ ಮಾಡಲು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಭಾವೆಯವರು 'ಸೀತಾ ಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಇತಿಹಾಸ ಆ ದಿನದಿಂದ ತನ್ನ ಲೆಕ್ಕ ಹಿಡಿಯುತ್ತದೆ. ಉತ್ತರ ಕನ್ನಡದ ಯಕ್ಷಗಾನದ ಒಂದು ಬೀಜ ಹಾಗೆ ಕೃಷ್ಣಾತೀರದಲ್ಲಿ ಮೊಳೆಯಿತು.

ಕಿರ್ಲೋಸ್ಕರರು ರೆವಿನ್ಯೂ ಕಮಿಷನರ್ ಕಚೇರಿಯಲ್ಲಿ ನೌಕರಿಯಲ್ಲಿದ್ದವರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ 'ಸಂಗೀತ ಶಾಕುಂತಲ' ರಂಗಕ್ಕೇರಿತು. 1882ರ ನವೆಂಬರ್ 18ರಂದು, ಪುಣೆಯಲ್ಲಿಯೇ, 'ಸಂಗೀತ ಸೌಭದ್ರ'. 1885ರಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹೆಸರು ಉಳಿಸಿದ ಕೆಲಸವೆಲ್ಲ ಕೊನೆಯ ಐದು ವರ್ಷಗಳದು.

ಅವರು ಮಾಡಿದ ಒಂದು ಬದಲಾವಣೆ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಭಾವೆಯವರ ಆಟಗಳಲ್ಲಿ ಎಲ್ಲರ ಹಾಡುಗಳನ್ನೂ ಸೂತ್ರಧಾರ ಹಾಡುತ್ತಿದ್ದ. ನಮ್ಮ ಯಕ್ಷಗಾನದಲ್ಲಿ ಭಾಗವತರು ಹಾಡುವಂತೆ. ಕಿರ್ಲೋಸ್ಕರರ ನಾಟಕಗಳಲ್ಲಿ ಪಾತ್ರಗಳು ತಮ್ಮ ಹಾಡನ್ನು ತಾವೇ ಹಾಡಿದವು. ಕೀರ್ತನೆ, ಹೆಂಗಸರ ಹಾಡು, ಲಾವಣಿಗಳ ಧಾಟಿಗಳ ಜೊತೆಗೆ, ತಾವು ಬೆಳೆದ ನೆಲದ ಕನ್ನಡ ಹಾಡುಗಳ ಧಾಟಿಗಳನ್ನೂ ಅವರು ಬಳಸಿಕೊಂಡರು. ಹೀಗೆ ಪರಿಷ್ಕೃತ ಪಾಠದಲ್ಲಿ ಮೂಕಳಾಗಿದ್ದ ಸುಭದ್ರೆ ಇಲ್ಲಿ ತನ್ನ ದುಃಖವನ್ನು, ಸಿಟ್ಟನ್ನು, ಅಣ್ಣನ ಮೇಲಿನ ದೂರನ್ನು ತನ್ನ ಕಂಠದಲ್ಲಿಯೇ ಹಾಡಿದಳು.

ನಾಟಕದ ಹಂದರ ಭಾಗವತದ್ದೇ. ಬಲರಾಮ ದುರ್ಯೋಧನನಿಗೆ ಮಾತು ಕೊಟ್ಟಿದ್ದಾನೆ. ಮದುವೆಯ ಸಿದ್ಧತೆ ನಡೆದಿದೆ. ಅತ್ತ ನಾರದ, ಇತ್ತ ಘಟೋತ್ಕಚ, ನಡುವೆ ಎಲ್ಲ ಸೂತ್ರಗಳನ್ನೂ ಹಿಡಿದು ಏನೂ ಅರಿಯದವನಂತೆ ಇರುವ ಕೃಷ್ಣ. ಆದರೆ ನಾಟಕದ ನಿಜವಾದ ಹೊಸತನ ಅದರ ಮನೆಯಲ್ಲಿದೆ. ಕೃಷ್ಣ, ಬಲರಾಮ, ರುಕ್ಮಿಣಿ, ಸುಭದ್ರೆಯರು ದ್ವಾರಕೆಯ ದೇವತೆಗಳಂತೆ ಮಾತಾಡದೆ ಪುಣೆಯ ಒಂದು ಮಧ್ಯಮ ವರ್ಗದ ಅವಿಭಕ್ತ ಕುಟುಂಬದವರಂತೆ ಮಾತಾಡುತ್ತಾರೆ. ಬಲರಾಮ ಮನೆಯ ಹಿರಿಯ: ಸಜ್ಜನ, ಮುಂಗೋಪಿ, ಕೊಟ್ಟ ಮಾತಿಗೆ ಕಟ್ಟುಬಿದ್ದವನು, ಸಾಧುಸಂತರೆಂದರೆ ಕರಗುವವನು. ಅಂತಹವನ ಮುಂದೆ ನೇರವಾಗಿ ವಾದಿಸಿ ಗೆಲ್ಲುವವರಿಲ್ಲ. ಹುಡುಗಿಯ ಇಷ್ಟ ಕೇಳಬೇಕೆಂಬ ನಿಯಮ ಆ ಮನೆಯಲ್ಲಿಲ್ಲ. ಆದ್ದರಿಂದ ಅವನ ಭಕ್ತಿಯ ಬಾಗಿಲಿನಿಂದಲೇ ಅಳಿಯ ಒಳಗೆ ಬರಬೇಕು.

1882ರ ಪುಣೆಯಲ್ಲಿ ಇದು ಪುರಾಣದ ಮಾತಾಗಿ ಮಾತ್ರ ಕೇಳಿಸಿರಲಾರದು. ಹೆಣ್ಣುಮಕ್ಕಳ ಶಿಕ್ಷಣ, ವಿಧವಾ ವಿವಾಹ, ಮದುವೆಯ ವಯಸ್ಸು ಇವುಗಳ ಬಗ್ಗೆ ಊರು ಎರಡಾಗಿ ವಾದಿಸುತ್ತಿದ್ದ ಕಾಲ. ಅದೇ 1882ರಲ್ಲಿ ಪಂಡಿತಾ ರಮಾಬಾಯಿಯವರು ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಆರಂಭಿಸಿದರು. ಅವರೂ ಹುಟ್ಟಿದ್ದು ಕರ್ನಾಟಕದ ನೆಲದಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನ ಆಶ್ರಮದಲ್ಲಿ. ಒಂದೆಡೆ ಹೆಣ್ಣಿಗೆ ಅಕ್ಷರ ಬೇಕು, ಆಯ್ಕೆ ಬೇಕು ಎಂದು ಬಿಚ್ಚು ಮಾತಿನಲ್ಲಿ ಹೇಳುವ ಸಭೆ. ಇನ್ನೊಂದೆಡೆ, ತನ್ನನ್ನು ಯಾರಿಗೆ ಕೊಡುತ್ತಿದ್ದಾರೆಂದು ಹಾಡಿ ಅಳುವ ಸುಭದ್ರೆಯನ್ನು ನೋಡಿ ಕಣ್ಣೊರೆಸಿಕೊಳ್ಳುವ ನಾಟಕಗೃಹ. ಸಭೆಯಲ್ಲಿ ಕೇಳಲಾರದ ಮಾತನ್ನು ಜನರು ನಾಟಕದಲ್ಲಿ ಕಾಸು ಕೊಟ್ಟು ಕೇಳಿದರು. ಕಾವಿ ವೇಷ ಅರ್ಜುನನಿಗೆ ಮಾತ್ರವಲ್ಲ, ಈ ಮಾತಿಗೂ ಬೇಕಾಗಿತ್ತೇನೋ.

ಆದರೆ ರಂಗದ ಮೇಲೆ ಹಾಡಿದ ಆ ಸುಭದ್ರೆ ಯಾರು? ಭಾವೂರಾವ್ ಕೊಲ್ಹಟ್ಕರ್ ಎಂಬ ತರುಣ. ಕನ್ಯೆಯ ಮನಸ್ಸನ್ನು ಕೇಳಿಸಿಕೊಳ್ಳಲು ಜನ ಸಿದ್ಧರಾದರು, ಆಕೆಯ ಕಂಠವನ್ನು ಕೇಳಲು ಇನ್ನೂ ಸಿದ್ಧರಾಗಿರಲಿಲ್ಲ. ಈ ಪರಂಪರೆ ಮುಂದೆ ಬಾಲಗಂಧರ್ವರಲ್ಲಿ ಶಿಖರ ಮುಟ್ಟಿತು. 1905ರಲ್ಲಿ ಕಿರ್ಲೋಸ್ಕರ್ ಮಂಡಳಿ ಸೇರಿ, 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದ ಅವರ ಸೀರೆಯ ನಿರಿಗೆ, ಮುಡಿದ ಹೂವು, ಒಡವೆ ತೊಡುವ ಬಗೆಯನ್ನು ಗೃಹಸ್ಥರ ಮನೆಯ ಹೆಂಗಸರು ನೋಡಿ ಕಲಿತರು. ಹೆಣ್ಣು ಹೇಗಿರಬೇಕೆಂಬುದನ್ನು ಹೆಣ್ಣು ಗಂಡಿನಿಂದ ಕಲಿತ ಕಾಲವದು. ನಮ್ಮ ಕುಂದಗೋಳದ ರಾಮಭಾವು, ಸವಾಯಿ ಗಂಧರ್ವರೆಂದು ಪ್ರಸಿದ್ಧರಾದವರು, ಮರಾಠಿ ರಂಗದಲ್ಲಿ ಸ್ತ್ರೀಪಾತ್ರಗಳನ್ನು ಮಾಡಿದವರೇ. ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು, 1953ರಿಂದ ಪುಣೆಯಲ್ಲಿ ಗುರುವಿನ ಹೆಸರಿನಲ್ಲಿ ಸಂಗೀತೋತ್ಸವ ನಡೆಸತೊಡಗಿದರು. ಪ್ರತಿ ಚಳಿಗಾಲದಲ್ಲಿ ಶಾಲು ಹೊದ್ದು ಅಲ್ಲಿಗೆ ಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಆ 'ಗಂಧರ್ವ' ಎಂಬ ಬಿರುದಿನ ಹಿಂದೆ ಸೀರೆಯುಟ್ಟು ಹಾಡಿದ ಒಬ್ಬ ಕನ್ನಡಿಗನಿದ್ದಾನೆಂದು ನೆನಪಿರುತ್ತದೆ?

ಕಾಲ ತಿರುಗಿದಾಗ, 1930ರ ದಶಕದ ಕೊನೆಯಲ್ಲಿ, ಬಾಲಗಂಧರ್ವರ ಮಂಡಳಿಗೆ ನಾಯಕಿಯಾಗಿ ಬಂದವರು ಗೋಹರಬಾಯಿ ಕರ್ನಾಟಕಿ. ಬೀಳಗಿಯವರು, ಅಮೀರಬಾಯಿ ಕರ್ನಾಟಕಿಯವರ ಸೋದರಿ. ಕನ್ನಡ ಮನೆಮಾತಿನ ಊರಿನಿಂದ ಬಂದ ಮುಸ್ಲಿಂ ಹೆಣ್ಣುಮಗಳು ಮರಾಠಿಯ ಪೌರಾಣಿಕ ನಾಯಕಿಯರ ಪಾತ್ರ ಮಾಡಿದರು. ಬಾಲಗಂಧರ್ವರ ಅಭಿಮಾನಿಗಳಲ್ಲಿ ಹಲವರಿಗೆ ಇದು ರುಚಿಸಲಿಲ್ಲ. ಗಂಡಸು ಹೆಣ್ಣಿನ ವೇಷ ಹಾಕಿದಾಗ ನಿಜವೆಂದು ನಂಬಿದ ಕಣ್ಣುಗಳಿಗೆ, ಹೆಣ್ಣು ಹೆಣ್ಣಾಗಿಯೇ ಬಂದಾಗ ಒಪ್ಪಿಗೆಯಾಗಲಿಲ್ಲ. ಕನ್ನಡದಲ್ಲಿ 'ವೇಷಧಾರಿ' ಎಂಬ ಮಾತಿಗೆ ಎರಡು ಬೆಲೆಗಳಿವೆ. ಮೇಳದಲ್ಲಿ ಅದು ಗೌರವದ ಮಾತು. ಬೀದಿಯಲ್ಲಿ ಅದು ಬೈಗಳು. ರಂಗದ ವೇಷಧಾರಿ ತಾನು ವೇಷ ಹಾಕಿದ್ದೇನೆಂದು ಎಲ್ಲರಿಗೂ ಹೇಳಿಯೇ ಹಾಕುತ್ತಾನೆ. ನೋಡುವವರೂ ಅದನ್ನು ಮರೆತಾಗ ವೇಷಕ್ಕಿಂತ ಮುಖ ಸುಳ್ಳಾಗಿ ಕಾಣತೊಡಗುತ್ತದೆ.

ಇನ್ನು 'ಇದು ಯಾರ ಕಥೆ' ಎಂಬ ಮಾತು. ಹೊರನಾಡಿನ ನಮಗೆ ಇಂತಹ ಇತಿಹಾಸ ಕೈಗೆ ಸಿಕ್ಕರೆ ಎರಡು ಆಸೆಗಳು ಹುಟ್ಟುತ್ತವೆ. ಒಂದು, ಮರಾಠಿ ರಂಗಭೂಮಿ ನಮ್ಮದೇ ಬೀಜದ್ದು, ಸೌಭದ್ರ ನಮ್ಮವನೇ ಬರೆದದ್ದು ಎಂದು ಹೆಮ್ಮೆಪಡುವುದು. ಇನ್ನೊಂದು, ನಮ್ಮವನಾಗಿದ್ದೂ ಪರಭಾಷೆಗೆ ದುಡಿದನೆಂದು ಕೊರಗುವುದು. ಆ ಕಾಲದಲ್ಲಿ ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಮರಾಠಿ ನಾಟಕಗಳದೇ ಅಬ್ಬರವಿದ್ದು, ಕನ್ನಡಕ್ಕೆ ರಂಗವಿಲ್ಲವೆಂದು ನೊಂದ ಶಾಂತಕವಿಗಳು 1870ರ ದಶಕದಲ್ಲಿ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು ಎಂಬುದನ್ನು ನೆನೆದರೆ ಆ ಕೊರಗಿಗೆ ಕಾರಣವಿಲ್ಲವೆನ್ನಲಾಗದು. ಆದರೆ ಆ ಕೊರಗಿನಿಂದಲೇ ಕನ್ನಡ ವೃತ್ತಿರಂಗಭೂಮಿ ಹುಟ್ಟಿತು. ಕರ್ಕಿಯಿಂದ ಸಾಂಗಲಿಗೆ ಹೋದ ಸಾಲ ಪುಣೆಯ ಮೂಲಕ ಗದುಗಿಗೆ ಬಡ್ಡಿಸಮೇತ ಬಂತು ಎನ್ನಬಹುದು. ಕಿರ್ಲೋಸ್ಕರರ ಮನೆತನದ ಮಾತು ಮರಾಠಿ, ಹುಟ್ಟಿ ಬೆಳೆದ ಬೀದಿಯ ಮಾತು ಕನ್ನಡ. ಇವುಗಳಲ್ಲಿ ಯಾವುದು ಮುಖ, ಯಾವುದು ವೇಷ ಎಂದು ಕೇಳುವುದು ಗಡಿಯ ಜನರಿಗೆ ಮಾಡುವ ಅನ್ಯಾಯ. ನನ್ನ ಮಗಳು ಶಾಲೆಯಲ್ಲಿ ಮರಾಠಿಯಲ್ಲಿ ಜಗಳವಾಡಿ ಬಂದು ಮನೆಯಲ್ಲಿ ಕನ್ನಡದಲ್ಲಿ ದೂರು ಹೇಳುತ್ತಾಳೆ. ಎರಡೂ ಅವಳದೇ ದನಿ.

ಪುಣೆ ಎಂಬ ಒಂದೇ ಊರು ಅರ್ಜುನನಿಗೆ 1882ರಲ್ಲಿ ಕಾವಿ ಉಡಿಸಿ ರಂಗಕ್ಕೆ ತಂದಿತು. 1933ರಲ್ಲಿ ಪಾಂಡಿತ್ಯದ ಬಲದಿಂದ ಆ ಕಾವಿಯನ್ನು ಕಳಚಿ ಅನುಬಂಧದಲ್ಲಿ ಮಡಿಸಿಟ್ಟಿತು. ಎರಡೂ ಪ್ರಾಮಾಣಿಕ ಕೆಲಸಗಳೇ. ಮೊದಲು ಏನಿತ್ತು ಎಂದು ಹೇಳುವುದು ವಿದ್ವಾಂಸನ ಧರ್ಮ. ಇದ್ದದ್ದು ಸಾಲದೆ ಹೋದಾಗ ಜನ ಏನನ್ನು ಸೇರಿಸಿಕೊಂಡರು, ಏಕೆ ಸೇರಿಸಿಕೊಂಡರು ಎಂದು ಕೇಳುವುದು ಇತಿಹಾಸದ ಧರ್ಮ. ಪ್ರಕ್ಷಿಪ್ತವೆಂದು ಬೇರೆ ಮಾಡಿಟ್ಟ ಆ ಪುಟಗಳಲ್ಲಿಯೇ ಒಬ್ಬ ಹೆಣ್ಣುಮಗಳ ದನಿ ಇದೆ ಎಂಬುದನ್ನು ಮರೆಯಲಾಗದು.

ಮುಂದಿನ ಭಾನುವಾರ ಮಗಳಿಗೆ ಉತ್ತರ ಹೇಳಿದೆ. ತೀರ ಹಳೆಯ ಕಥೆಯಲ್ಲಿ ಆಕೆಗೆ ಗೊತ್ತಿತ್ತೋ ಇಲ್ಲವೋ ಯಾರೂ ಬರೆದಿಡಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ಆಮೇಲೆ ಹೇಳಿದವರಿಗೆ ಅದು ಸರಿಬರಲಿಲ್ಲ; ಆಕೆಗೆ ತಿಳಿಯಲೆಂದೇ ಅರ್ಜುನನಿಗೆ ಒಂದು ವೇಷ ಹಾಕಿಸಿ, ಮಳೆಗಾಲ ಮುಗಿಯುವವರೆಗೆ ಆಕೆಯ ಮುಂದೆ ಕೂರಿಸಿದರು. ಎರಡು ಕೈಯಿಂದಲೂ ಬಿಲ್ಲು ಹೂಡುವ ಸವ್ಯಸಾಚಿಗೆ ಎರಡು ತೋಳುಗಳಲ್ಲಿಯೂ ಹೆದೆಯ ಗಾಯದ ಕಲೆಗಳಿದ್ದವು. ವಿರಾಟನ ಮನೆಯಲ್ಲಿ ಬೃಹನ್ನಳೆಯಾದಾಗ ಅವನು ಅವನ್ನು ಬಳೆ ತೊಟ್ಟು ಮುಚ್ಚಿದ. ಸನ್ಯಾಸಿಗೆ ಬಳೆಯಿಲ್ಲ.

ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರ ಆಕೀ ನೋಡಿರ್ತಾಳ" ಎಂದಳು. ಬಲರಾಮ ಕಾವಿಯನ್ನು ನೋಡಿದ, ಸುಭದ್ರೆ ತೋಳನ್ನು ನೋಡಿದಳು. ಅಷ್ಟರಲ್ಲಿ ನೆರೆಯ ಅಜ್ಜಿ ತಮ್ಮ ಹಳೆಯ ಸೌಭದ್ರದ ಹಾಡುಗಳನ್ನು ಕೇಳಿಸುವೆನೆಂದು ಕರೆದರು. ನಾವಿಬ್ಬರೂ ಎದ್ದು ಹೋದೆವು.